ಹಾಪ್: ಬ್ರಿಟಿಷ್ ತಳಿಗಳು, ಅವುಗಳ ಆಯ್ಕೆ ಮತ್ತು ಗುಜರಾತಿನ ನಂಟು

ಬಿಯರಿಗೆ ಕಹಿ, ಘಮ, ಬಾಳಿಕೆ ಮೂರನ್ನೂ ಕೊಡುವ ಬಳ್ಳಿಹೂ ಹಾಪ್. ಇದರ ಸಸ್ಯಶಾಸ್ತ್ರೀಯ ಹೆಸರು ಹ್ಯೂಮುಲಸ್ ಲುಪುಲಸ್. ಕ್ಯಾನಬೇಸಿ ಕುಟುಂಬಕ್ಕೆ ಸೇರಿದ ಈ ಸಸ್ಯ ಗಾಂಜಾ ಗಿಡದ ದಾಯಾದಿಯಾದರೂ ಗಾಂಜಾದ ಅಮಲು ಇದಕ್ಕಿಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ (ಮಾಲ್ಟ್), ನೀರು, ಯೀಸ್ಟ್, ಹಾಪ್ ಈ ನಾಲ್ಕರಿಂದ ಬಿಯರ್ ಆಗುತ್ತದೆ. ಅಡುಗೆಯ ಮಾತಿನಲ್ಲಿ ಹೇಳುವುದಾದರೆ ಮಾಲ್ಟ್ ಇದರ ಹಿಟ್ಟು, ಹಾಪ್ ಇದರ ಒಗ್ಗರಣೆ. ಇಂಗ್ಲೆಂಡಿನ ತಳಿಗಳು ಮೆಲುಘಮಕ್ಕೆ ಹೆಸರಾದವು. ಮನೆಯಲ್ಲಿ ಬಿಯರ್ ತಯಾರಿಸುವವರು ಈ ತಳಿಗಳನ್ನು ಆರಿಸುವ ಕ್ರಮ, ಆ ತಳಿಗಳ ಚರಿತ್ರೆ, ಹಾಗೂ ಒಂದು ಕಾಲಕ್ಕೆ ಇಂಗ್ಲಿಷ್ ಬಿಯರ್ ಬಂದಿಳಿಯುತ್ತಿದ್ದ, ಈಗ ಬಿಯರ್ ತಯಾರಿಕೆಯೇ ಅಪರಾಧವಾಗಿರುವ ಗುಜರಾತಿನ ಸೂರತ್, ವಡೋದರ, ಅಹಮದಾಬಾದ್ ನಗರಗಳ ಸಂದರ್ಭ ಈ ಲೇಖನದ ವಸ್ತು.

ಸಸ್ಯ

ಹಾಪ್ ಬಹುವಾರ್ಷಿಕ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗ ಒಣಗುತ್ತದೆ, ಬೇರು ಉಳಿಯುತ್ತದೆ, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಹಾಗಲ, ಹೀರೆಗಳಂತೆ ಕುಡಿಬಳ್ಳಿ ಚಾಚಿ ಹಿಡಿದುಕೊಳ್ಳುವುದು ಇದರ ರೀತಿಯಲ್ಲ. ಕಾಂಡದ ಮೇಲಿನ ಕೊಕ್ಕೆಯಂಥ ರೋಮಗಳಿಂದ ದಾರಕ್ಕೆ ಅಂಟಿಕೊಂಡು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತ ಮೇಲೇರುತ್ತದೆ. ಗಂಡು ಮತ್ತು ಹೆಣ್ಣು ಗಿಡಗಳು ಬೇರೆಬೇರೆ. ಬಿಯರಿಗೆ ಬೇಕಾದದ್ದು ಹೆಣ್ಣು ಗಿಡದ ಹಸಿರು ಹೂಗೊನೆ. ಅದರ ಪಕಳೆಗಳ ಬುಡದಲ್ಲಿ ಅರಿಸಿನ ಉದುರಿಸಿದ ಹಾಗೆ ಹಳದಿ ಹುಡಿ ಕೂತಿರುತ್ತದೆ. ಅದೇ ಲುಪುಲಿನ್; ಹಾಪಿನ ಕಹಿಯೂ ಘಮವೂ ಇರುವುದು ಅದರಲ್ಲಿ. ಜರ್ಮನಿಯ ತೋಟಗಳಲ್ಲಿ ಗಂಡು ಗಿಡಗಳನ್ನು ಉಳಿಯಗೊಡುವುದಿಲ್ಲ. ಇಂಗ್ಲೆಂಡಿನಲ್ಲಿ ಮೊದಲಿನಿಂದಲೂ ತೋಟಕ್ಕಿಷ್ಟು ಗಂಡು ಗಿಡ ನೆಡುವ ವಾಡಿಕೆ ಇದ್ದುದರಿಂದ ಅಲ್ಲಿನ ಹಾಪಿನಲ್ಲಿ ಬೀಜ ಸಿಗುವುದು ಸಾಮಾನ್ಯ.

ಬೇಸಿಗೆಯಲ್ಲಿ ಹಗಲು ದೀರ್ಘವಾಗಿದ್ದರೆ ಮಾತ್ರ ಬಳ್ಳಿ ಎತ್ತರಕ್ಕೆ ಹೋಗುತ್ತದೆ. ಆದ್ದರಿಂದ ಲೋಕದ ಹಾಪ್ ತೋಟಗಳು ಬಹುಪಾಲು 35ರಿಂದ 55 ಡಿಗ್ರಿ ಅಕ್ಷಾಂಶಗಳ ನಡುವೆ ಇವೆ. ಕೆಂಟ್ ಕೌಂಟಿಯಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು 16 ಗಂಟೆ ದಾಟುತ್ತದೆ. ಅಹಮದಾಬಾದಿನಲ್ಲಿ ಅದು ಸುಮಾರು 13 ಗಂಟೆ 30 ನಿಮಿಷ, ಬೆಂಗಳೂರಿನಲ್ಲಿ 13 ಗಂಟೆಗೂ ತುಸು ಕಡಿಮೆ. ಇಂಥ ಗಿಡ್ಡ ಹಗಲಿನಲ್ಲಿ ಬಳ್ಳಿ ಮೈ ತುಂಬಿಕೊಳ್ಳುವ ಮೊದಲೇ ಹೂಬಿಟ್ಟು ಕುಂಟುತ್ತದೆ. ಗುಜರಾತಿನಲ್ಲಿ ಹಾಪ್ ಬೆಳೆಯದಿರುವುದಕ್ಕೆ ಬಿಸಿಲಿನಷ್ಟೇ ಹಗಲಿನ ಅಳತೆಯೂ ಕಾರಣ.

ಕಹಿ ಮತ್ತು ಘಮ

ಲುಪುಲಿನ್‌ನಲ್ಲಿ ಎರಡು ಬಗೆಯ ರಾಳಗಳೂ ಒಂದಿಷ್ಟು ಎಣ್ಣೆಯೂ ಇವೆ. ಆಲ್ಫಾ ಆಮ್ಲಗಳು ಎಂಬ ರಾಳ ತಣ್ಣೀರಿನಲ್ಲಿ ಕರಗುವುದು ಬಲು ಕಡಿಮೆ. ಮಾಲ್ಟ್ ರಸದಲ್ಲಿ ಕುದಿಸಿದಾಗ ಅದು ಐಸೊ-ಆಲ್ಫಾ ಆಮ್ಲವಾಗಿ ಮಾರ್ಪಟ್ಟು ಕರಗುತ್ತದೆ. ಬಿಯರಿನ ಕಹಿ ಹುಟ್ಟುವುದು ಹೀಗೆ. ಘಮದ ಎಣ್ಣೆಗಳದ್ದು ತದ್ವಿರುದ್ಧ ಗುಣ, ಕುದಿಸಿದಷ್ಟೂ ಹಾರಿಹೋಗುತ್ತವೆ. ಅದಕ್ಕಾಗಿ ಕಹಿಗೆ ಬೇಕಾದ ಹಾಪನ್ನು ಕುದಿಯ ಮೊದಲಲ್ಲೇ ಹಾಕಿ ಒಂದು ಗಂಟೆ ಬೇಯಿಸುತ್ತಾರೆ. ಘಮದ ಹಾಪನ್ನು ಕೊನೆಯ ಹತ್ತು ನಿಮಿಷಗಳಲ್ಲೋ ಒಲೆ ಆರಿಸಿದ ಮೇಲೋ ಹಾಕುತ್ತಾರೆ. ಹುದುಗು ಮುಗಿದ ಬಿಯರಿನಲ್ಲಿ ಹಾಪನ್ನು ಹಾಗೆಯೇ ನೆನೆಹಾಕುವುದೂ ಉಂಟು. ಇದಕ್ಕೆ ಡ್ರೈ ಹಾಪಿಂಗ್ ಎಂದು ಹೆಸರು.

ಹಾಪಿನ ರಾಳ ಲ್ಯಾಕ್ಟೋಬ್ಯಾಸಿಲಸ್‌ನಂಥ ಹುಳಿ ತರುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಬೆಳಗ್ಗೆ ಇಳಿಸಿದ ಸೇಂದಿ ಸಂಜೆಗೆ ಹುಳಿಯೇರುತ್ತದೆ, ಹಾಪ್ ಹಾಕಿದ ಬಿಯರ್ ತಿಂಗಳುಗಟ್ಟಲೆ ತಡೆಯುತ್ತದೆ. ಈ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ ಈ ರಾಳ. ಆದರೆ ಬೆಳಕು ಬಿದ್ದರೆ ಅದೇ ಐಸೊ-ಆಲ್ಫಾ ಆಮ್ಲ ಒಡೆದು ಗಂಧಕದ ದುರ್ವಾಸನೆ ಬರುತ್ತದೆ. ಬಿಯರ್ ಬಾಟಲಿಗಳು ಬಹುಮಟ್ಟಿಗೆ ಕಂದು ಬಣ್ಣದವಾಗಿರುವುದು ಇದಕ್ಕಾಗಿ.

ಇಂಗ್ಲೆಂಡಿನಲ್ಲಿ ಹಾಪ್

ಇಂಗ್ಲೆಂಡಿನ ಹಳೆಯ ಏಲ್ ಹಾಪಿಲ್ಲದ ಪಾನೀಯ. ಹಾಪ್ ಹಾಕಿದ ಬಿಯರ್ ಸುಮಾರು 1400ರ ಹೊತ್ತಿಗೆ ಈಗಿನ ನೆದರ್‌ಲೆಂಡ್ಸ್, ಬೆಲ್ಜಿಯಂ ಕಡೆಯಿಂದ ಹಡಗುಗಳಲ್ಲಿ ಬಂತು. 16ನೇ ಶತಮಾನದ ಮೊದಲ ಭಾಗದಲ್ಲಿ ಕೆಂಟ್‌ನಲ್ಲಿ ಬೇಸಾಯ ಶುರುವಾಯಿತು. 1574ರಲ್ಲಿ ರೆಜಿನಾಲ್ಡ್ ಸ್ಕಾಟ್ ಹಾಪ್ ತೋಟಗಾರಿಕೆಯ ಮೇಲೆ ಚಿತ್ರಸಹಿತ ಕೈಪಿಡಿ ಬರೆದ; ಇಂಗ್ಲಿಷಿನಲ್ಲಿ ಈ ವಿಷಯದ ಮೊದಲ ಪುಸ್ತಕ ಅದು. 1711ರಿಂದ 1862ರ ತನಕ ಹಾಪಿನ ಮೇಲೆ ಸರ್ಕಾರದ ಸುಂಕವಿತ್ತು. 1878ರಲ್ಲಿ ಬೇಸಾಯ ತುತ್ತತುದಿ ಮುಟ್ಟಿ 71 ಸಾವಿರ ಎಕರೆ ಮೀರಿತ್ತು. ಈಗ ಉಳಿದಿರುವುದು ಅದರ ಒಂದು ಸಣ್ಣ ಪಾಲು. ಕೆಂಟ್ ಬಿಟ್ಟರೆ ಹೆರ್‌ಫರ್ಡ್‌ಶೈರ್, ವೂಸ್ಟರ್‌ಶೈರ್‌ಗಳು ಮುಖ್ಯ ಕೇಂದ್ರಗಳು. ಸೆಪ್ಟೆಂಬರ್ ಬಂತೆಂದರೆ ಲಂಡನ್ನಿನ ಪೂರ್ವಭಾಗದ ಬಡ ಕುಟುಂಬಗಳು ಮಕ್ಕಳುಮರಿ ಸಮೇತ ಕೆಂಟಿಗೆ ಹೋಗಿ ಹಾಪ್ ಕೊಯ್ದು ಬರುತ್ತಿದ್ದವು. ಯಂತ್ರ ಬರುವ ತನಕ ಅದೇ ಅವರ ದುಡಿಮೆ, ಅದೇ ಅವರ ರಜೆ.

1906ರಲ್ಲಿ ಕೆಂಟ್‌ನ ವೈ ಕಾಲೇಜಿನಲ್ಲಿ ಅರ್ನೆಸ್ಟ್ ಸ್ಟ್ಯಾನ್ಲಿ ಸಾಲ್ಮನ್ ಹಾಪ್ ತಳಿ ಸುಧಾರಣೆ ಆರಂಭಿಸಿದರು. 1916ರಲ್ಲಿ ಕೆನಡಾದ ಮ್ಯಾನಿಟೋಬಾದಿಂದ ತರಿಸಿದ ಒಂದು ಕಾಡು ಹಾಪ್ ಬೇರು ಅವರ ಕೆಲಸಕ್ಕೆ ತಿರುವು ಕೊಟ್ಟಿತು. ಅದರ ಸಂತಾನದಲ್ಲಿ ಇಂಗ್ಲಿಷ್ ತಳಿಗಳಿಗಿಂತ ಎಷ್ಟೋ ಹೆಚ್ಚು ಕಹಿ ಇತ್ತು. ಬ್ರೂಯರ್ಸ್ ಗೋಲ್ಡ್, ಬುಲಿಯನ್ ತಳಿಗಳು ಬಂದದ್ದು ಅದರಿಂದ. ಅಂದಿನ ಬ್ರಿಟಿಷ್ ಬಿಯರ್ ತಯಾರಕರಿಗೆ ಅವುಗಳ ಘಮ ಒರಟೆನಿಸಿತು, ಕಹಿ ಮಾತ್ರ ಬೇಕೆನಿಸಿತು. 1924ರಲ್ಲಿ ಕೆಂಟ್‌ನ ಪೆನ್ಸ್‌ಹರ್ಸ್ಟ್‌ನಲ್ಲಿ ವರ್ಟಿಸಿಲಿಯಂ ಎಂಬ ಶಿಲೀಂಧ್ರದ ಸೊರಗುರೋಗ ಕಂಡಿತು. ಅಲ್ಲಿಂದ ಮುಂದೆ ಕಹಿ, ಘಮಗಳ ಜೊತೆ ರೋಗ ತಾಳುವ ಗುಣವೂ ತಳಿ ಆಯ್ಕೆಯ ಮಾನದಂಡವಾಯಿತು. ಆಮೇಲೆ ರೇ ನೀವ್, ಪೀಟರ್ ಡಾರ್ಬಿ ಇದೇ ಪರಂಪರೆಯನ್ನು ಮುಂದುವರಿಸಿದರು.

ಮುಖ್ಯ ತಳಿಗಳು

ಗೋಲ್ಡಿಂಗ್ಸ್: 18ನೇ ಶತಮಾನದ ಕೊನೆಯಲ್ಲಿ ಕೆಂಟ್‌ನ ಬೆಳೆಗಾರನೊಬ್ಬ ಹಳೆಯ ಕ್ಯಾಂಟರ್ಬರಿ ತಳಿಯೊಳಗಿಂದ ಆರಿಸಿದ ಬಳ್ಳಿ, ಅವನ ಹೆಸರೇ ತಳಿಗೆ ನಿಂತಿತು. ಆಲ್ಫಾ ಪ್ರಮಾಣ ಸಾಮಾನ್ಯವಾಗಿ ಶೇ 4ರಿಂದ 6.5. ಜೇನು, ಹೂವು, ತುಸು ಮಸಾಲೆಯ ಮೃದು ಘಮ. ಪೂರ್ವ ಕೆಂಟ್‌ನಲ್ಲಿ ಬೆಳೆದದ್ದು ಈಸ್ಟ್ ಕೆಂಟ್ ಗೋಲ್ಡಿಂಗ್ಸ್. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗಳ ಹಾಗೆ ಈ ಹೆಸರಿಗೂ ಭೌಗೋಳಿಕ ರಕ್ಷಣೆ ಇದೆ.

ಫಗಲ್: 1861ರಲ್ಲಿ ಹಾರ್ಸ್‌ಮಂಡನ್ ಎಂಬಲ್ಲಿ ತಾನಾಗಿ ಮೊಳೆತ ಸಸಿಯನ್ನು 1875ರಲ್ಲಿ ರಿಚರ್ಡ್ ಫಗಲ್ ಪ್ರಚಾರಕ್ಕೆ ತಂದ ಎಂಬುದು ಬಹುಕಾಲದಿಂದ ಹೇಳಿಕೊಂಡು ಬಂದ ಕಥೆ. ಇತ್ತೀಚಿನ ಸಂಶೋಧಕರು ಈ ಕಥೆಯ ವ್ಯಕ್ತಿ, ವರ್ಷಗಳೆರಡನ್ನೂ ಪ್ರಶ್ನಿಸಿದ್ದಾರೆ. ಮಣ್ಣು, ಸೊಪ್ಪು, ಕಾಡಿನ ತೇವದ ಘಮ ಇದರದ್ದು. 20ನೇ ಶತಮಾನದ ನಡುವಿನ ತನಕ ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಬೆಳೆಯುತ್ತಿದ್ದ ತಳಿ ಇದೇ. ಸೊರಗುರೋಗ ಇದನ್ನು ಹಿಂದಕ್ಕೆ ತಳ್ಳಿತು. ಸ್ಲೊವೇನಿಯಾದಲ್ಲಿ ಇದು ಸ್ಟೈರಿಯನ್ ಗೋಲ್ಡಿಂಗ್ ಎಂದು ಹೆಸರು ಪಡೆದಿದೆ. ಹೆಸರು ನಂಬಿ ಗೋಲ್ಡಿಂಗ್ಸ್ ಎಂದು ಕೊಂಡವರ ಕೈಗೆ ಬರುವುದು ಫಗಲ್.

ನಾರ್ದರ್ನ್ ಬ್ರೂಯರ್: ಗೋಲ್ಡಿಂಗ್ಸ್ ಮತ್ತು ಬ್ರೂಯರ್ಸ್ ಗೋಲ್ಡ್ ವಂಶಗಳ ಸಂಗಮ, 1934ರ ಸಂಕರ. ಪುದೀನ, ಮರದ ಘಮ. ಮುಂದಿನ ಹಲವು ತಳಿಗಳಿಗೆ ಇದು ಹಿರೀಕ.

ಬ್ರ್ಯಾಮ್ಲಿಂಗ್ ಕ್ರಾಸ್: 1927ರ ಸಂಕರ, ಗೋಲ್ಡಿಂಗ್ಸ್ ಬಳಗದ ಬ್ರ್ಯಾಮ್ಲಿಂಗ್ ಮತ್ತು ಮ್ಯಾನಿಟೋಬಾ ವಂಶದ ಮಗು. ಆಲ್ಫಾ ಶೇ 5ರಿಂದ 7. ಕಪ್ಪು ದ್ರಾಕ್ಷಿ, ನೇರಳೆ ಹಣ್ಣು ನೆನಪಿಸುವ ಘಮ. ಒಂದು ಕಾಲಕ್ಕೆ ಇದನ್ನು ದೋಷವೆಂದರು, ಈಗ ಅದೇ ಇದರ ಆಕರ್ಷಣೆ.

ಚಾಲೆಂಜರ್, ನಾರ್ತ್‌ಡೌನ್, ಟಾರ್ಗೆಟ್: ವೈ ಕಾಲೇಜಿನಿಂದ 1970ರ ದಶಕದ ಆರಂಭದಲ್ಲಿ ಬಂದವು. ಚಾಲೆಂಜರ್ ಕಹಿಗೂ ಘಮಕ್ಕೂ ಒದಗುವ ಎರಡು ಕೈಯ ತಳಿ. ಆಲ್ಫಾ ಶೇ 6.5ರಿಂದ 9. ಟಾರ್ಗೆಟ್‌ಗೆ ಆಲ್ಫಾ ಶೇ 10ರ ಆಸುಪಾಸು, ಸೊರಗುರೋಗ ತಾಳುವ ಶಕ್ತಿಯೂ ಉಂಟು. ಆದರೆ ದಾಸ್ತಾನಿನಲ್ಲಿ ಬೇಗ ಕಳೆಗುಂದುತ್ತದೆ.

ಅಡ್ಮಿರಲ್: ಇಂಗ್ಲಿಷ್ ತಳಿಗಳಲ್ಲಿ ಹೆಚ್ಚು ಕಹಿಯದು, ಆಲ್ಫಾ ಶೇ 13ರಿಂದ 16.

ಫಸ್ಟ್ ಗೋಲ್ಡ್: 1990ರ ದಶಕದ ಕುಳ್ಳ ತಳಿ. ಸಾಮಾನ್ಯ ಬಳ್ಳಿಗೆ ಐದಾರು ಮೀಟರ್ ಎತ್ತರದ ದಾರ ಬೇಕು. ಇದು ಸುಮಾರು ಎರಡೂವರೆ ಮೀಟರಿಗೆ ನಿಂತು ಬೇಲಿಯ ಹಾಗೆ ಬೆಳೆಯುತ್ತದೆ. ಕೂಲಿಯ ಖರ್ಚು ಇಳಿಸುವುದು ಇದರ ಉದ್ದೇಶವಾಗಿತ್ತು. ಗೋಲ್ಡಿಂಗ್ಸ್ ನೆನಪಿಸುವ ಘಮಕ್ಕೆ ಕಿತ್ತಳೆಯ ಸುಳಿವು ಸೇರಿದೆ.

ಜೆಸ್ಟರ್: 2010ರ ದಶಕದ ಹೊಸ ತಳಿ. ಗ್ರೇಪ್‌ಫ್ರೂಟ್, ಉಷ್ಣವಲಯದ ಹಣ್ಣುಗಳ ಜೋರು ಘಮ. ಅಮೆರಿಕದ ತಳಿಗಳಿಗೆ ಬ್ರಿಟಿಷ್ ಬೆಳೆಗಾರರ ಉತ್ತರ.

ಅಮೆರಿಕದ ತಳಿಗಳೂ ದೂರದವಲ್ಲ. 1972ರಲ್ಲಿ ಬಿಡುಗಡೆಯಾಗಿ ಅಲ್ಲಿನ ಸಣ್ಣ ಬಿಯರ್ ತಯಾರಕರ ನೆಚ್ಚಿನದಾದ ಕ್ಯಾಸ್ಕೇಡ್‌ನ ಅಜ್ಜಿ ಫಗಲ್. ಕೆನಡಾದ ಕಾಡು ಬೇರು ಇಂಗ್ಲೆಂಡಿಗೆ ಬಂದ ಹಾಗೆಯೇ ಇಂಗ್ಲೆಂಡಿನ ಬೇರು ಅಮೆರಿಕಕ್ಕೆ ಹೋಗಿದೆ.

ಆಯ್ಕೆಯ ಕ್ರಮ

ತಳಿ ಆರಿಸುವ ಮೊದಲು ಬಿಯರಿನ ಬಗೆ ಗೊತ್ತಾಗಬೇಕು. ಬಿಟರ್, ಪೇಲ್ ಏಲ್‌ಗಳಿಗೆ ಚಾಲೆಂಜರ್‌ನಿಂದ ಕಹಿ, ಗೋಲ್ಡಿಂಗ್ಸ್‌ನಿಂದ ಘಮ ಎಂಬುದು ನಡೆದುಬಂದ ಜೋಡಿ. ಮಾಲ್ಟಿನ ಸಿಹಿಯೇ ಮುಂದಿರುವ ಮೈಲ್ಡ್, ಬ್ರೌನ್ ಏಲ್‌ಗಳಿಗೆ ಫಗಲ್ ಸಾಕು. ಹುರಿದ ಮಾಲ್ಟಿನ ಪೋರ್ಟರ್, ಸ್ಟೌಟ್‌ಗಳ ಕಾಫಿಯಂಥ ರುಚಿಗೆ ಬ್ರ್ಯಾಮ್ಲಿಂಗ್ ಕ್ರಾಸ್‌ನ ಹಣ್ಣಿನ ಘಮ ಹೊಂದುತ್ತದೆ. ಇಂಗ್ಲಿಷ್ ಶೈಲಿಯ ಇಂಡಿಯಾ ಪೇಲ್ ಏಲ್‌ನಲ್ಲಿ ಟಾರ್ಗೆಟ್‌ನ ಕಹಿಯ ಮೇಲೆ ಗೋಲ್ಡಿಂಗ್ಸ್ ನೆನೆಹಾಕಬಹುದು; 20 ಲೀಟರಿಗೆ 20ರಿಂದ 40 ಗ್ರಾಂ ವಾಡಿಕೆಯ ಅಳತೆ. ಬ್ರಿಟಿಷ್ ಹಾಪಿನಲ್ಲಿ ಎಣ್ಣೆ ಕಡಿಮೆ. ಅಮೆರಿಕದ ತಳಿಗಳ ಹಾಗೆ ಮೂಗಿಗೆ ಅಡರಲಿ ಎಂದು ರಾಶಿ ಸುರಿದರೆ ಘಮಕ್ಕಿಂತ ಮೊದಲು ಸೊಪ್ಪಿನ ಒಗರು ಬರುತ್ತದೆ.

ಎರಡನೆಯದು ಲೆಕ್ಕ. ಕಹಿಯ ಅಳತೆ ಐಬಿಯು. ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಐಸೊ-ಆಲ್ಫಾ ಆಮ್ಲ ಇದ್ದರೆ ಹೆಚ್ಚುಕಡಿಮೆ ಒಂದು ಐಬಿಯು. 20 ಲೀಟರ್ ಬಿಟರ್‌ಗೆ 30 ಐಬಿಯು ಬೇಕೆಂದರೆ 600 ಮಿಲಿಗ್ರಾಂ ಕರಗಿರಬೇಕು. ಒಂದು ಗಂಟೆ ಕುದಿಸಿದರೂ ಹಾಪಿನ ಆಲ್ಫಾದಲ್ಲಿ ಸುಮಾರು ಕಾಲುಪಾಲು ಮಾತ್ರ ಬಿಯರಿಗೆ ಇಳಿಯುತ್ತದೆ, ಆದ್ದರಿಂದ ಪಾತ್ರೆಗೆ 2,400 ಮಿಲಿಗ್ರಾಂ ಆಲ್ಫಾ ಹಾಕಬೇಕು. ಶೇ 5 ಆಲ್ಫಾದ ಗೋಲ್ಡಿಂಗ್ಸ್ ಆದರೆ 48 ಗ್ರಾಂ, ಶೇ 8ರ ಚಾಲೆಂಜರ್ ಆದರೆ 30 ಗ್ರಾಂ, ಶೇ 10ರ ಟಾರ್ಗೆಟ್ ಆದರೆ 24 ಗ್ರಾಂ. ಒಂದರ ಬದಲು ಇನ್ನೊಂದನ್ನು ಬಳಸುವಾಗ ತೂಕ ಸರಿಹೊಂದಿಸಿದರೆ ಸಾಲದು, ಆಲ್ಫಾ ಸರಿಹೊಂದಿಸಬೇಕು. ಆಲ್ಫಾ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪೊಟ್ಟಣದ ಮೇಲಿನ ಅಂಕಿಯನ್ನೇ ನೆಚ್ಚಬೇಕು.

ಮೂರನೆಯದು ನೀರು. ಬಿಯರಿಗೆ ಹೆಸರಾದ ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬಾವಿನೀರಿನಲ್ಲಿ ಜಿಪ್ಸಂನ ಸಲ್ಫೇಟ್ ಹೇರಳ. ಅದು ಹಾಪಿನ ಕಹಿಯನ್ನು ಚುರುಕುಗೊಳಿಸುತ್ತದೆ. ಕ್ಲೋರೈಡ್ ಹೆಚ್ಚಿದ್ದರೆ ಮಾಲ್ಟಿನ ತುಂಬುರುಚಿ ಮುಂದೆ ಬರುತ್ತದೆ. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿದ್ದರೆ ಕಹಿ ನಾಲಿಗೆಗೆ ಅಂಟಿಕೊಂಡು ಒರಟಾಗುತ್ತದೆ. ಅದಕ್ಕೆ ಹಾಪ್ ತಳಿಯನ್ನು ದೂರುವುದು ತಪ್ಪು.

ನಾಲ್ಕನೆಯದು ತಾಜಾತನ. ಗಾಳಿ ಮತ್ತು ಶಾಖ ಹಾಪಿನ ಶತ್ರುಗಳು. ಪ್ರತಿ 15 ಡಿಗ್ರಿ ತಂಪಿಗೆ ಆಲ್ಫಾ ಕೆಡುವ ವೇಗ ಅರ್ಧಕ್ಕಿಳಿಯುತ್ತದೆ ಎಂಬುದು ರೂಢಿಯ ಅಂದಾಜು. ಆ ಲೆಕ್ಕದಲ್ಲಿ 40 ಡಿಗ್ರಿಯ ಗೋದಾಮಿನಲ್ಲಿ ಕೆಡುವ ವೇಗ ಸೊನ್ನೆಗಿಂತ 5 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಕೆಡುವ ವೇಗದ ಎಂಟು ಪಟ್ಟು. 2016ರ ಮೇ 20ರಂದು ಅಹಮದಾಬಾದ್ 48 ಡಿಗ್ರಿ ಕಂಡಿತ್ತು ಎಂಬುದನ್ನು ನೆನೆದರೆ ಭಾರತದ ಬೇಸಿಗೆಯಲ್ಲಿ ಲಾರಿಯೊಳಗೆ ಕೂತ ಪೊಟ್ಟಣದ ಗತಿ ಊಹಿಸಬಹುದು. ಗಾಳಿ ತೆಗೆದು ಮುಚ್ಚಿದ ಗುಳಿಗೆ ರೂಪದ ಹಾಪ್, ಇಡೀ ಹೂವಿಗಿಂತ ಹೆಚ್ಚು ಕಾಲ ತಡೆಯುತ್ತದೆ.

ಪರೀಕ್ಷೆಗೆ ಕೈಯೇ ಸಾಕು. ಒಂದು ಹೂಗೊನೆಯನ್ನು ಎರಡು ಅಂಗೈಗಳ ನಡುವೆ ಹೊಸಕಿ ಮೂಗಿಗೆ ಹಿಡಿಯಬೇಕು. ಒಳ್ಳೆಯ ಹಾಪಾದರೆ ಅಂಗೈ ಜಿಗುಟಾಗಿ ಹಳದಿ ಬಳಿದುಕೊಳ್ಳುತ್ತದೆ, ಹಸಿಹುಲ್ಲು, ಹೂವು, ನಿಂಬೆಸಿಪ್ಪೆಯ ವಾಸನೆ ಏಳುತ್ತದೆ. ಹಳತಾದರೆ ಪಕಳೆ ಕಂದಾಗಿ ಪುಡಿಯಾಗುತ್ತದೆ, ಹಳಸಿದ ಚೀಸ್ ಅಥವಾ ಬೆವರಿದ ಕಾಲುಚೀಲದ ನಾತ ಹೊಡೆಯುತ್ತದೆ. ಇಂಗ್ಲೆಂಡಿನ ಹಾಪ್ ವ್ಯಾಪಾರಿಗಳು ಮಾಲು ಕೊಳ್ಳುವ ಮುಂಚೆ ಮಾಡುತ್ತಿದ್ದದ್ದೂ ಇದನ್ನೇ.

ಸೂರತ್ ಮತ್ತು ಭಾರತ

ಈಸ್ಟ್ ಇಂಡಿಯಾ ಕಂಪನಿಯ ಸೂರತ್ ಕೋಠಿ (ವ್ಯಾಪಾರ ನೆಲೆ) 1613ರಲ್ಲಿ ನೆಲೆಗೊಂಡಿತು. 1687ರಲ್ಲಿ ಮುಖ್ಯ ಕಚೇರಿ ಮುಂಬಯಿಗೆ ಹೋಗುವ ತನಕ ಪಶ್ಚಿಮ ಭಾರತದಲ್ಲಿ ಕಂಪನಿಯ ಕೇಂದ್ರ ಅದು. 1689ರಲ್ಲಿ ಇಂಗ್ಲೆಂಡಿನಿಂದ ಹೊರಟ ಪಾದ್ರಿ ಜಾನ್ ಓವಿಂಗ್ಟನ್ ತನ್ನ ಸೂರತ್ ಪ್ರಯಾಣದ ಪುಸ್ತಕವನ್ನು 1696ರಲ್ಲಿ ಪ್ರಕಟಿಸಿದ. ಕೋಠಿಯ ಊಟದ ಮೇಜಿನಲ್ಲಿ ಶಿರಾಜ್ ವೈನ್, ಅರಾಕ್ ಪಂಚ್ ಇದ್ದರೂ ತಾಯ್ನಾಡಿನ ರುಚಿಯ ನೆನಪಿಗೆ ಇಂಗ್ಲಿಷ್ ಬಿಯರನ್ನು ದುಬಾರಿ ಬೆಲೆ ತೆತ್ತಾದರೂ ಕೊಳ್ಳುತ್ತಿದ್ದರೆಂದು ಅದರಲ್ಲಿ ಬರೆದಿದ್ದಾನೆ. ಹಡಗಿನಲ್ಲಿ ತಿಂಗಳುಗಟ್ಟಲೆ ಬಂದ ಆ ಪೀಪಾಯಿಗಳು ತಾಪಿ ನದಿಯ ದಡದ ಊರನ್ನು ಕುಡಿಯಲು ತಕ್ಕ ಸ್ಥಿತಿಯಲ್ಲಿ ಮುಟ್ಟಲು ಹಾಪೇ ಆಸರೆ.

18ನೇ ಶತಮಾನದ ಕೊನೆಗೆ ಲಂಡನ್ನಿನ ಬೋ ಬಡಾವಣೆಯ ಹಾಡ್ಜ್‌ಸನ್ ಕಾರ್ಖಾನೆ ಭಾರತಕ್ಕೆ ಪೇಲ್ ಏಲ್ ಕಳಿಸುವುದರಲ್ಲಿ ಮುಂದಿತ್ತು. ಹಡಗುಗಳು ಹೊರಡುವ ಧಕ್ಕೆ ಅದಕ್ಕೆ ಹತ್ತಿರ, ಹಡಗಿನ ಕಪ್ತಾನರಿಗೆ ಅದು ಕೊಡುತ್ತಿದ್ದ ಸಾಲದ ಅವಧಿ ಉದಾರ. 1820ರ ದಶಕದಲ್ಲಿ ಆಲ್‌ಸಾಪ್ ಮೊದಲಾದ ಬರ್ಟನ್ ತಯಾರಕರು ಪೈಪೋಟಿಗೆ ಇಳಿದರು. ಇಂಡಿಯಾ ಪೇಲ್ ಏಲ್ ಎಂಬ ಹೆಸರು ಚಾಲ್ತಿಗೆ ಬಂದದ್ದು ಆಮೇಲೆ. ಭಾರತಕ್ಕೆಂದೇ ಹಾಡ್ಜ್‌ಸನ್ ಹೊಸ ಬಿಯರ್ ಕಂಡುಹಿಡಿದ ಎಂಬ ಜನಪ್ರಿಯ ಕಥೆಗೆ ಆಧಾರವಿಲ್ಲ. ಬಿಸಿಲ ನಾಡಿಗೆ ಹೋಗುವ ಬಿಯರಿಗೆ ಹಾಪ್ ಹೆಚ್ಚಿಗೆ ಹಾಕಬೇಕೆಂಬುದು ತಯಾರಕರಿಗೆ ಮೊದಲೇ ಗೊತ್ತಿತ್ತು.

19ನೇ ಶತಮಾನದಲ್ಲಿ ಕಸೌಲಿ ಮೊದಲಾದ ಗಿರಿಧಾಮಗಳಲ್ಲಿ ಬಿಯರ್ ಕಾರ್ಖಾನೆಗಳು ಎದ್ದವು. ದಕ್ಷಿಣದಲ್ಲಿ ಬೆಂಗಳೂರು, ನೀಲಗಿರಿಗಳ ಕಾರ್ಖಾನೆಗಳನ್ನು 1915ರಲ್ಲಿ ಥಾಮಸ್ ಲೀಷ್ಮನ್ ಒಂದುಗೂಡಿಸಿದ. ಯುನೈಟೆಡ್ ಬ್ರೂವರೀಸ್ ಹುಟ್ಟಿದ್ದು ಹಾಗೆ. ಭಾರತದಲ್ಲಿ ಹಾಪ್ ಬೆಳೆಯುವ ಪ್ರಯತ್ನ 19ನೇ ಶತಮಾನದ ಉತ್ತರಾರ್ಧದಲ್ಲಿ ಕಾಶ್ಮೀರದಲ್ಲಿ ನಡೆಯಿತು. ಹಿಮಾಚಲ ಪ್ರದೇಶದ ಲಾಹುಲ್ ಕಣಿವೆಯಲ್ಲಿ 1970ರ ದಶಕದಿಂದ ಬೇಸಾಯವಿದೆ. ಅಕ್ಷಾಂಶ 32 ಡಿಗ್ರಿ ದಾಟಿದ, ಹಿಮ ಬೀಳುವ ಆ ನೆಲದಲ್ಲಿ ಹಾಪಿಗೆ ಬೇಕಾದ ಹಗಲೂ ತಂಪೂ ಸಾಕಷ್ಟು ಸಿಗುತ್ತವೆ.

ಗುಜರಾತಿನ ಕಾನೂನು

ಅಹಮದಾಬಾದ್, ವಡೋದರ, ಸೂರತ್‌ಗಳಲ್ಲಿ ಮನೆ ಬಿಯರ್ ತಯಾರಿಕೆಗೆ ಕಾನೂನಿನ ಅವಕಾಶವಿಲ್ಲ. ಇದಕ್ಕೆ ಮೂಲ 1949ರ ಬಾಂಬೆ ಪಾನನಿಷೇಧ ಕಾಯ್ದೆ. ಗಾಯಕವಾಡರ ಬರೋಡ (ವಡೋದರ) ಸಂಸ್ಥಾನ ಬಾಂಬೆ ಪ್ರಾಂತಕ್ಕೆ ಸೇರಿದ್ದೂ ಅದೇ ವರ್ಷ. 1951ರಲ್ಲಿ ಬಾಲ್ಸಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಔಷಧ ಮತ್ತು ಪ್ರಸಾಧನ ದ್ರವ್ಯಗಳಿಗೆ ಸಂಬಂಧಿಸಿದ ಕೆಲವು ಅಂಶಗಳನ್ನು ಹೊಡೆದುಹಾಕಿ ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು. 1960ರ ಮೇ 1ರಂದು ಬಾಂಬೆ ರಾಜ್ಯ ಎರಡಾದಾಗ ಗುಜರಾತ್ ನಿಷೇಧವನ್ನು ಹಾಗೆಯೇ ಉಳಿಸಿಕೊಂಡಿತು, ಮಹಾರಾಷ್ಟ್ರ ಮುಂದೆ ಸಡಿಲಿಸಿತು. 2017ರ ತಿದ್ದುಪಡಿಯಲ್ಲಿ ತಯಾರಿಕೆ, ಮಾರಾಟ, ಸಾಗಾಟಗಳಿಗೆ 10 ವರ್ಷಗಳವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿಗಳವರೆಗೆ ದಂಡ ನಿಗದಿಯಾಯಿತು. ವೈದ್ಯಕೀಯ ಕಾರಣದ ಪರ್ಮಿಟ್, ಹೊರಗಿನಿಂದ ಬಂದವರ ಪರ್ಮಿಟ್ ಮತ್ತು 2023ರ ಡಿಸೆಂಬರಿನಲ್ಲಿ ಗಾಂಧಿನಗರದ ಗಿಫ್ಟ್ ಸಿಟಿಗೆ ಕೊಟ್ಟ ಸಡಿಲಿಕೆ ಕುಡಿಯುವುದಕ್ಕೆ ಸಂಬಂಧಪಟ್ಟವು. ಮನೆಯಲ್ಲಿ ತಯಾರಿಸುವವರಿಗೆ ಅವುಗಳಿಂದ ಪ್ರಯೋಜನವಿಲ್ಲ.

2009ರ ಜುಲೈನಲ್ಲಿ ಅಹಮದಾಬಾದಿನಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಂಥ ದುರಂತಗಳಲ್ಲಿ ಕೊಲ್ಲುವುದು ಮೆಥನಾಲ್. ಬಾರ್ಲಿಯ ಬಿಯರ್ ಹುದುಗಿನಲ್ಲಿ ಅದು ಅಪಾಯದ ಪ್ರಮಾಣದಲ್ಲಿ ಹುಟ್ಟುವುದಿಲ್ಲ. ಕಾಯ್ದೆ ಮಾತ್ರ ಈ ಎರಡನ್ನೂ ಮದ್ಯವೆಂದೇ ಎಣಿಸುತ್ತದೆ. ಹುದುಗಿಸದೆ, ಹಾಪನ್ನು ನೀರಿನಲ್ಲಿ ಇಳಿಸಿ ಸೋಡಾ ಸೇರಿಸಿದ ಹಾಪ್ ನೀರಿನಲ್ಲಿ ಮದ್ಯಸಾರವಿರುವುದಿಲ್ಲ. ತಳಿಗಳ ಘಮದ ವ್ಯತ್ಯಾಸ ಅರಿಯಲು ಅದೂ ಒಂದು ದಾರಿ.

ಕರ್ನಾಟಕದ ಸ್ಥಿತಿ ಬೇರೆಯಾದರೂ ಮನೆ ತಯಾರಿಕೆಗೆ ಬಾಗಿಲು ತೆರೆದಿಲ್ಲ. 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಸುಮಾರು 2010ರಿಂದ ಬೆಂಗಳೂರಿನಲ್ಲಿ ಹೆಚ್ಚಿದ ಮೈಕ್ರೊಬ್ರೂವರಿಗಳು ಪರವಾನಗಿ ಪಡೆದ ಉದ್ದಿಮೆಗಳು. ಈ ಹಾಪ್ ತಳಿಗಳ ತವರು ಇಂಗ್ಲೆಂಡಿನಲ್ಲೂ ಮನೆ ತಯಾರಿಕೆಗೆ 1880ರಿಂದ ಲೈಸೆನ್ಸ್ ಬೇಕಿತ್ತು. ಅದು ರದ್ದಾದದ್ದು 1963ರಲ್ಲಿ. ಗುಜರಾತಿಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಲೆಸ್ಟರ್ ನಗರ ಬರ್ಟನ್‌ಗೆ ಹತ್ತಿರದಲ್ಲೇ ಇದೆ. ಸೂರತ್‌ನಲ್ಲಿ ಜೈಲಿಗೆ ಕಳಿಸಬಲ್ಲ 20 ಲೀಟರ್ ಬಿಟರನ್ನು ಅಲ್ಲಿನ ಸೂರತ್ ಮೂಲದ ಮನೆಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ ತಯಾರಿಸಬಹುದು, ಮಾರುವಂತಿಲ್ಲ ಅಷ್ಟೆ.